ನವೀಕರಣದ ಚೀಟಿ: ವಿದ್ಯಾರ್ಥಿ ಬಾಡಿಗೆದಾರರು ಯಾವುದಕ್ಕಾಗಿ ಹಣ ಕೊಡುತ್ತಿದ್ದಾರೆ?

ನನ್ನ ಮಾತನ್ನು ಒಂದು ಚೀಟಿಯಿಂದ ಆರಂಭಿಸುತ್ತೇನೆ. ಕಳೆದ ಜೂನ್ ತಿಂಗಳಲ್ಲಿ, ಪರೀಕ್ಷೆಗಳು ನಡೆಯುತ್ತಿದ್ದ ಹೊತ್ತಿನಲ್ಲಿ, ಮೂವರು ಇಂಜಿನಿಯರಿಂಗ್ ವಿದ್ಯಾರ್ಥಿನಿಯರು ಅದನ್ನು ಹಿಡಿದುಕೊಂಡು ನನ್ನ ವಕೀಲಿ ಕಚೇರಿಗೆ ಬಂದಿದ್ದರು. ಒಬ್ಬಳು ಹಾಸನದವಳು, ಒಬ್ಬಳು ಕೊಪ್ಪಳದ ಕಡೆಯವಳು, ಇನ್ನೊಬ್ಬಳು ಶಿರಸಿಯವಳು. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಎರಡು ಕೋಣೆಯ ಮನೆಯೊಂದನ್ನು ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ, ಐದು ತಿಂಗಳ ಬಾಡಿಗೆಯಷ್ಟು, ಅಂದರೆ 90,000 ರೂಪಾಯಿ ಅಡ್ವಾನ್ಸ್ ಕೊಟ್ಟು ಹಿಡಿದಿದ್ದರು. ಅವರ ಹನ್ನೊಂದು ತಿಂಗಳ ಅಗ್ರಿಮೆಂಟ್ ಜೂನ್ 30ಕ್ಕೆ ಮುಗಿಯುವುದಿತ್ತು. ಮುಂದುವರಿಯಬೇಕಾದರೆ ಎಷ್ಟು ಕಟ್ಟಬೇಕೆಂಬುದನ್ನು ಬ್ರೋಕರ್ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಹೊಸ ಅಗ್ರಿಮೆಂಟ್ ಮಾಡಿಸಲು 2,000 ರೂಪಾಯಿ, ನವೀಕರಣದ ಕಮಿಷನ್ ಎಂದು ಅರ್ಧ ತಿಂಗಳ ಬಾಡಿಗೆಯಾದ 9,000, ಪೇಂಟಿಂಗ್ ಚಾರ್ಜ್ ಎಂದು ಇನ್ನೂ 9,000, ಬಾಡಿಗೆ ಶೇಕಡಾ 5ರಷ್ಟು ಏರಿದ್ದರಿಂದ ಅಡ್ವಾನ್ಸಿನಲ್ಲಿ ತುಂಬಬೇಕಾದ ವ್ಯತ್ಯಾಸ 4,500. ಒಟ್ಟು 24,500 ರೂಪಾಯಿ, ತಲಾ ಎಂಟು ಸಾವಿರಕ್ಕೂ ಹೆಚ್ಚು. ಕೊಪ್ಪಳದ ಹುಡುಗಿ ನನ್ನನ್ನು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ. "ಸರ್, ನಾವು ಮನೆ ಬಿಡ್ತಿಲ್ಲ, ಅಲ್ಲೇ ಇರ್ತೀವಿ ಅಂದ್ವಿ ಅಷ್ಟೆ. ಅದಕ್ಕೆ ಇಷ್ಟು ರೊಕ್ಕ ಯಾಕೆ ಕೊಡಬೇಕು?" ಇಂದಿನ ನನ್ನ ಉಪನ್ಯಾಸವೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮುಂದೆ ಹೋಗುವ ಮೊದಲು ಒಂದು ಪದವನ್ನು ತಿಳಿಯಾಗಿಸಿಕೊಳ್ಳೋಣ. ನಮ್ಮ ಊರುಗಳಲ್ಲಿ 'ಲೀಸ್' ಎಂದರೆ ಜನರ ಬಾಯಲ್ಲಿ ಭೋಗ್ಯ ಎಂದೇ ಅರ್ಥ. ದೊಡ್ಡ ಮೊತ್ತವನ್ನು ಒಮ್ಮೆಗೆ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಆ ಮೊತ್ತವನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ಅದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಅದರೊಳಗೆ ಬರುವುದಿಲ್ಲ. ಕಾನೂನಿನ ಭಾಷೆಯಲ್ಲಿ ಮಾತ್ರ ತಿಂಗಳ ಬಾಡಿಗೆಯ ಮನೆಯೂ ಲೀಸ್ ಆಗಿಯೇ ಇರುತ್ತದೆ. ನಾನು ಇಲ್ಲಿ ಮಾತನಾಡುತ್ತಿರುವುದು ತಿಂಗಳ ಬಾಡಿಗೆಯ ಮನೆಗಳ ಬಗ್ಗೆ, ಕೊನೆಯ ಭಾಗದಲ್ಲಿ ಸ್ವಲ್ಪ ಪೀಜಿಗಳ ಬಗ್ಗೆ.

ಹನ್ನೊಂದು ತಿಂಗಳೇ ಏಕೆ ಎಂದು ನಿಮ್ಮಲ್ಲಿ ಅನೇಕರು ಯೋಚಿಸಿರಬಹುದು. 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ಒಂದು ವರ್ಷವನ್ನು ಮೀರಿದ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು ಮತ್ತು ಓಡಾಟವನ್ನು ತಪ್ಪಿಸಿಕೊಳ್ಳಲು ಹನ್ನೊಂದು ತಿಂಗಳ ರೂಢಿ ಬೆಳೆಯಿತು. ಇದರ ಹಿಂದೆ ಮಾಲೀಕರ ಒಂದು ಹಳೆಯ ಭಯವೂ ಇದೆ. 1961ರ ಕರ್ನಾಟಕ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಬಾಡಿಗೆದಾರನನ್ನು ಬಿಡಿಸುವುದು ಬಹಳ ಕಷ್ಟದ ಕೆಲಸವಾಗಿತ್ತು. ಹತ್ತಾರು ವರ್ಷ ಮೊಕದ್ದಮೆ ನಡೆಸಿದ ಮನೆತನಗಳ ಕಥೆಗಳನ್ನು ನಮ್ಮ ಹಿರಿಯ ವಕೀಲರು ಈಗಲೂ ಹೇಳುತ್ತಾರೆ. ಅದರ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಇಂದು ಬೆಂಗಳೂರಿನಲ್ಲಿ 3,500 ರೂಪಾಯಿಗೆ ಮನೆ ಎಲ್ಲಿ ಸಿಗುತ್ತದೆ? ಹೀಗಾಗಿ ವಿದ್ಯಾರ್ಥಿಗಳು ಹಿಡಿಯುವ ಬಹುತೇಕ ಮನೆಗಳಿಗೆ ಆ ಕಾಯ್ದೆಯ ರಕ್ಷಣೆ ಇಲ್ಲ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1872ರ ಭಾರತೀಯ ಕರಾರು ಕಾಯ್ದೆ ಮತ್ತು ನೀವು ಸಹಿ ಮಾಡಿದ ಕಾಗದ. ಈ ಕೊನೆಯದೇ ಎಲ್ಲಕ್ಕಿಂತ ಮುಖ್ಯ, ಅದರ ಮಾತು ಮುಂದೆ ಬರುತ್ತದೆ.

ಈಗ ಹನ್ನೊಂದು ತಿಂಗಳು ಮುಗಿದ ಮರುದಿನ ಏನಾಗುತ್ತದೆ ಎಂದು ನೋಡೋಣ. ಬ್ರೋಕರ್‌ಗಳು ಹೇಳುವ ಮಾತು ಒಂದೇ: "ಅಗ್ರಿಮೆಂಟ್ ಎಕ್ಸ್‌ಪೈರ್ ಆಗುತ್ತೆ, ಆಮೇಲೆ ನೀವಿರೋದು ಇಲ್ಲೀಗಲ್." ಇದು ಸರಿಯಲ್ಲ. ಅವಧಿ ಮುಗಿದ ಮೇಲೂ ಬಾಡಿಗೆದಾರ ಮನೆಯಲ್ಲಿಯೇ ಮುಂದುವರಿದು, ಮಾಲೀಕರು ಬಾಡಿಗೆಯನ್ನು ಸ್ವೀಕರಿಸಿದರೆ ಅಥವಾ ಬೇರೆ ರೀತಿಯಲ್ಲಿ ಸಮ್ಮತಿಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ತಾನಾಗಿಯೇ ನವೀಕರಣಗೊಳ್ಳುತ್ತದೆ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 116ನೇ ಕಲಮು ಹೇಳುತ್ತದೆ. ಅಂದರೆ ಜುಲೈ ತಿಂಗಳ ಬಾಡಿಗೆಯನ್ನು ಮಾಲೀಕರು ತಮ್ಮ ಖಾತೆಗೆ ಪಡೆದುಕೊಂಡು ಸುಮ್ಮನಿದ್ದರೆ, ನೀವು ಅಕ್ರಮವಾಗಿ ಕುಳಿತವರಾಗುವುದಿಲ್ಲ.

ಆದರೆ ಈ ಕಲಮನ್ನು ಹಿಡಿದುಕೊಂಡು ಮಾಲೀಕರ ಮುಂದೆ ಎದೆ ಸೆಟೆಸಿ ನಿಲ್ಲಬೇಡಿ. ಅದೇ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯನ್ನು 15 ದಿನಗಳ ನೋಟಿಸ್ ಕೊಟ್ಟು ಕೊನೆಗೊಳಿಸಬಹುದು. 'ಬೇರೆ ಒಪ್ಪಂದ ಇಲ್ಲದಿದ್ದಲ್ಲಿ' ಎಂಬ ಮಾತಿಗೂ ಬೆಲೆಯಿದೆ. ನಿಮ್ಮ ಮೊದಲ ಅಗ್ರಿಮೆಂಟಿನಲ್ಲಿಯೇ ನವೀಕರಣದ ಶುಲ್ಕವನ್ನು ಒಪ್ಪಿಕೊಂಡು ಸಹಿ ಮಾಡಿದ್ದರೆ ವಾದದ ಅರ್ಧ ಬಲ ಹೋದಂತೆ. 116ನೇ ಕಲಮಿನಿಂದ ನಾವು ಕಲಿಯಬೇಕಾದದ್ದು ಇಷ್ಟು: ಕಾನೂನಿನ ಕಣ್ಣಿನಲ್ಲಿ ನವೀಕರಣ ಎಂಬುದು ಯಾರೋ ಬೆವರು ಸುರಿಸಿ ಮಾಡಿಕೊಡುವ ಕೆಲಸವಲ್ಲ. ಇರುವವರು ಇರುತ್ತಾರೆ, ಬಾಡಿಗೆ ಬರುತ್ತಿರುತ್ತದೆ. ಹೀಗಿರುವಾಗ ಚೀಟಿಯ ಒಂದೊಂದು ಸಾಲಿಗೂ "ಇದು ಯಾವ ಕೆಲಸಕ್ಕೆ?" ಎಂದು ಕೇಳುವ ಅಧಿಕಾರ ನಿಮಗಿದೆ.

ಅಗ್ರಿಮೆಂಟ್ ಮಾಡಿಸುವ ಖರ್ಚನ್ನು ಬೇಗ ಮುಗಿಸುತ್ತೇನೆ. ಕಾಗದ ಬರೆಯಲು ಖರ್ಚು ಇದ್ದೇ ಇರುತ್ತದೆ. ನಾನು ವಕೀಲಿ ಆರಂಭಿಸಿದ ಕಾಲದಲ್ಲಿ ಕೋರ್ಟಿನ ಆವರಣದ ಮಾರಾಟಗಾರರಲ್ಲಿ ಛಾಪಾ ಕಾಗದ ಕೊಳ್ಳುತ್ತಿದ್ದೆವು. ನಮ್ಮದೇ ಖಾನಾಪುರದಿಂದ ಹೊರಟ ತೆಲಗಿಯ ನಕಲಿ ಛಾಪಾ ಕಾಗದದ ಹಗರಣ ದೇಶವನ್ನೆಲ್ಲ ಆವರಿಸಿದ ಮೇಲೆ ಆ ಕಾಗದ ಹೋಗಿ ಇ-ಸ್ಟಾಂಪ್ ಬಂತು. ಇಂದು ಇ-ಸ್ಟಾಂಪಿನ ಮೇಲೆ ಕಟ್ಟಿದ ಶುಲ್ಕ, ಎರಡೂ ಪಕ್ಷಗಳ ಹೆಸರು ಮತ್ತು ಒಂದು ಕ್ರಮಸಂಖ್ಯೆ ಮುದ್ರಿತವಾಗಿರುತ್ತವೆ, ಆದ್ದರಿಂದ ಖರ್ಚು ಎಷ್ಟೆಂದು ಊಹಿಸಬೇಕಾಗಿಲ್ಲ, ಓದಿಕೊಂಡರೆ ಸಾಕು. ಆ ಮೊತ್ತಕ್ಕೆ ಟೈಪಿಂಗ್ ಮತ್ತು ನೋಟರಿಯ ಹಣವನ್ನು ಸೇರಿಸಿ, ಮಾಲೀಕರೊಂದಿಗೆ ಸಮನಾಗಿ ಹಂಚಿಕೊಳ್ಳಿ. ಸ್ಟಾಂಪಿನ ಮೊತ್ತದಲ್ಲಿ ಜಿಪುಣತನ ಮಾಡಬೇಡಿ. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯಂತೆ ಕಡಿಮೆ ಶುಲ್ಕ ಕಟ್ಟಿದ ಕಾಗದವನ್ನು ನ್ಯಾಯಾಲಯ ಕೊರತೆಯನ್ನೂ ದಂಡವನ್ನೂ ಕಟ್ಟಿಸಿಕೊಳ್ಳದೆ ಸಾಕ್ಷ್ಯವಾಗಿ ಸ್ವೀಕರಿಸುವುದಿಲ್ಲ.

ಬ್ರೋಕರ್ ಕಮಿಷನ್ನಿನ ವಿಷಯ ಹಾಗಲ್ಲ. ಮೊದಲ ಸಲ ಮನೆ ಹುಡುಕಿಕೊಡುವುದು ನಿಜವಾದ ಕೆಲಸ. ಬಿಸಿಲಿನಲ್ಲಿ ನಾಲ್ಕು ಮನೆ ತೋರಿಸುತ್ತಾರೆ, ವಿದ್ಯಾರ್ಥಿಗಳಿಗೆ ಕೊಡುವುದಿಲ್ಲವೆಂದ ಮಾಲೀಕರನ್ನು ಒಪ್ಪಿಸುತ್ತಾರೆ, ಅಡ್ವಾನ್ಸ್ ಕಡಿಮೆ ಮಾಡಿಸುತ್ತಾರೆ. ಅದಕ್ಕೆ ಒಂದು ತಿಂಗಳ ಬಾಡಿಗೆ ಕೊಡುವ ಪದ್ಧತಿಯ ಬಗ್ಗೆ ನನಗೆ ತಕರಾರಿಲ್ಲ. ಎರಡನೆಯ ವರ್ಷ ಅವರು ಯಾವ ಮನೆಯನ್ನು ತೋರಿಸಿದರು, ಯಾರನ್ನು ಒಪ್ಪಿಸಿದರು? ಕರಾರು ಕಾಯ್ದೆಯ 219ನೇ ಕಲಮು, ವಿಶೇಷ ಒಪ್ಪಂದವಿಲ್ಲದಿದ್ದರೆ, ವಹಿಸಿದ ಕೆಲಸ ಪೂರ್ತಿಯಾಗುವವರೆಗೆ ಏಜೆಂಟನಿಗೆ ಪ್ರತಿಫಲ ಸಲ್ಲದು ಎನ್ನುತ್ತದೆ. ನೀವು ಕೆಲಸವನ್ನೇ ವಹಿಸಿಲ್ಲದಿರುವಾಗ ಪ್ರತಿಫಲದ ಮಾತು ಹೇಗೆ ಬಂತು? ಮಾಲೀಕರು ಊರಲ್ಲಿಲ್ಲದೆ, ಬಾಡಿಗೆ ವಸೂಲಿ, ನಲ್ಲಿ ರಿಪೇರಿ ಎಲ್ಲವನ್ನೂ ಬ್ರೋಕರಿಗೆ ವಹಿಸಿದ್ದರೆ, ಅವರು ಆಗ ಮಾಲೀಕರ ಕೆಲಸಗಾರರು, ಅವರ ಕೂಲಿ ಮಾಲೀಕರಿಂದ ಸಲ್ಲಬೇಕು. ಇದನ್ನು ಸೌಜನ್ಯದಿಂದ ಆದರೆ ಬಿಗಿಯಾಗಿ ಹೇಳಿ. ಸಾಧ್ಯವಾದರೆ ಬ್ರೋಕರನ್ನು ದಾಟಿ ಮಾಲೀಕರ ಜೊತೆಗೇ ಮಾತನಾಡಿ, ಏಕೆಂದರೆ ನವೀಕರಣದ ಕಮಿಷನ್ ಕೇಳಿರುವುದು ಮಾಲೀಕರಿಗೆ ತಿಳಿದೇ ಇರದಿದ್ದ ಪ್ರಸಂಗಗಳನ್ನು ನಾನು ಕಂಡಿದ್ದೇನೆ.

ಪೇಂಟಿಂಗ್ ಚಾರ್ಜ್ ಬಗ್ಗೆ ಹೆಚ್ಚು ಹೊತ್ತು ಮಾತನಾಡಬೇಕಾಗಿದೆ, ಏಕೆಂದರೆ ಇದರಲ್ಲಿ ಅತಿ ಹೆಚ್ಚು ಹಣ ಹೋಗುತ್ತದೆ ಮತ್ತು ಅತಿ ಕಡಿಮೆ ಜನ ಪ್ರಶ್ನಿಸುತ್ತಾರೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಒಂದು ತಿಂಗಳ ಬಾಡಿಗೆಯನ್ನು ಸುಣ್ಣಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಎಷ್ಟು ರೂಢಿಯಾಗಿದೆಯೆಂದರೆ, ಅದು ಕಾನೂನೇ ಇರಬೇಕೆಂದು ಜನ ನಂಬಿದ್ದಾರೆ. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಬಾಡಿಗೆದಾರ ಮನೆಯನ್ನು ತಾನು ಪಡೆದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದು ಹೇಳುವಾಗಲೇ, ಸಹಜ ಬಳಕೆಯಿಂದಾದ ಸವೆತವನ್ನು ಹೊರತುಪಡಿಸುತ್ತದೆ. ಗೋಡೆಯ ಬಣ್ಣ ಮಂಕಾಗುವುದು, ಒಗ್ಗರಣೆಯ ಹೊಗೆಗೆ ಅಡುಗೆಮನೆಯ ಗೋಡೆ ಕಂದುವುದು ಸಹಜ ಸವೆತ. ಗೋಡೆಗೆ ಹತ್ತು ಮೊಳೆ ಹೊಡೆದು ಗಾರೆ ಉದುರಿಸಿದ್ದರೆ ಅದು ಹಾನಿ, ಅದಕ್ಕೆ ನೀವು ಹೊಣೆ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯಲ್ಲಿ ಗೋಡೆಗೆ ಸುಣ್ಣ ಬಳಿಯುವುದು, ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುವುದು ಮಾಲೀಕರ ಪಾಲಿಗೆ ಬರುತ್ತದೆ. ನಲ್ಲಿಯ ವಾಷರ್ ಬದಲಿಸುವಂಥ ಸಣ್ಣ ಕೆಲಸಗಳು ಬಾಡಿಗೆದಾರನ ಪಾಲಿಗೆ. ಅದೇ ಮಾದರಿಯಲ್ಲಿ ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದು ಎಂದೂ ಇದೆ. ರಾಜ್ಯಗಳು ತಮ್ಮದೇ ಕಾಯ್ದೆ ಮಾಡಿಕೊಳ್ಳುವವರೆಗೆ ಅದು ಮಾದರಿ ಮಾತ್ರ, ನ್ಯಾಯಾಲಯದಲ್ಲಿ ಅದನ್ನು ಹಕ್ಕಾಗಿ ಕೇಳಲಾಗದು. ಆದರೂ ನ್ಯಾಯವಾದದ್ದು ಯಾವುದು ಎಂಬ ಚರ್ಚೆಗೆ ಅದು ಒಳ್ಳೆಯ ಅಳತೆಗೋಲು.

ಇದೆಲ್ಲ ಮನೆ ಬಿಡುವಾಗಿನ ಮಾತು. ನಮ್ಮ ಚೀಟಿಯಲ್ಲಿ ಪೇಂಟಿಂಗ್ ಹಣವನ್ನು ಕೇಳಿದ್ದು ಮನೆಯಲ್ಲಿ ಮುಂದುವರಿಯುವವರಿಂದ. ಹುಡುಗಿಯರನ್ನು ನಾನು ಕೇಳಿದೆ: "ಪೇಂಟರ್ ಬಂದಿದ್ದನೇನಮ್ಮ?" ಯಾರೂ ಬಂದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಬಣ್ಣ ಹಚ್ಚದ ಗೋಡೆಗೆ ಬಣ್ಣದ ಹಣ. ಮುಂದಿನ ವರ್ಷ ಅವರು ಮನೆ ಬಿಟ್ಟಾಗ ಮತ್ತೆ ಒಂದು ತಿಂಗಳ ಬಾಡಿಗೆಯನ್ನು ಅದೇ ಗೋಡೆಗೆ ಹಿಡಿದುಕೊಳ್ಳುವುದು ಖಚಿತವಾಗಿತ್ತು. ಅಗ್ರಿಮೆಂಟಿನಲ್ಲಿ ಮೊತ್ತ ಬರೆದಿದ್ದರೂ ಅದೇ ಅಂತಿಮವಲ್ಲ ಎಂಬುದನ್ನು ತಿಳಿದಿರಿ. ಕರಾರು ಮುರಿದುದಕ್ಕೆ ಪರಿಹಾರವೆಂದು ಮೊದಲೇ ಒಂದು ಮೊತ್ತವನ್ನು ನಮೂದಿಸಿದ್ದರೂ, ಆ ಮೊತ್ತದ ಮಿತಿಯೊಳಗೆ ಸಮಂಜಸವಾದ ಪರಿಹಾರಕ್ಕಷ್ಟೇ ಹಕ್ಕುಂಟು ಎಂದು ಕರಾರು ಕಾಯ್ದೆಯ 74ನೇ ಕಲಮು ಹೇಳುತ್ತದೆ. ಸರ್ವೋಚ್ಚ ನ್ಯಾಯಾಲಯ 1963ರ ಫತೇ ಚಂದ್ ಪ್ರಕರಣದಿಂದ 2015ರ ಕೈಲಾಶ್ ನಾಥ್ ಪ್ರಕರಣದವರೆಗೆ ಈ ನಿಲುವನ್ನು ವಿವರಿಸುತ್ತಲೇ ಬಂದಿದೆ.

ಅಡ್ವಾನ್ಸಿನ ವ್ಯತ್ಯಾಸವನ್ನು ಶುಲ್ಕಗಳ ಜೊತೆ ಸೇರಿಸಬೇಡಿ, ಅದು ನಿಮ್ಮದೇ ಹಣ, ಹಿಂದಕ್ಕೆ ಬರಬೇಕಾದದ್ದು. ರಸೀದಿಯಲ್ಲಿ ಹಳೆಯ 90,000 ಮತ್ತು ಹೊಸ 4,500 ಎರಡನ್ನೂ ಕೂಡಿಸಿ 94,500 ಎಂದು ಬರೆಸಿಕೊಳ್ಳುವುದನ್ನು ಮರೆಯದಿರಿ. ಹೊಸ ಅಗ್ರಿಮೆಂಟಿನಲ್ಲಿ ಹಳೆಯ ಮೊತ್ತವೇ ಉಳಿದುಹೋಗಿ, ಮೇಲಿನ ಹಣ ಕಾಗದದಲ್ಲಿ ಎಲ್ಲಿಯೂ ಇಲ್ಲದಂತಾದ ಪ್ರಕರಣಗಳಿವೆ. ಬಾಡಿಗೆಯ ಏರಿಕೆಯೂ ಶುಲ್ಕವಲ್ಲ, ಅದು ಚೌಕಾಸಿಯ ವಿಷಯ.

ಮಾಲೀಕರ ಕಡೆಯಿಂದಲೂ ನೋಡಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮೇಲಿನ ಮಹಡಿಯನ್ನು ವಿದ್ಯಾರ್ಥಿಗಳಿಗೆ ಕೊಟ್ಟಿರುವವರಲ್ಲಿ ಎಷ್ಟೋ ಜನ ನಿವೃತ್ತ ದಂಪತಿಗಳು. ಆ ಬಾಡಿಗೆಯೇ ಅವರ ಔಷಧಿಯ ಖರ್ಚು. ನೀರಿನ ಮೋಟರ್ ಸುಟ್ಟರೆ, ಟ್ಯಾಂಕರ್ ತರಿಸಬೇಕಾದರೆ ಅವರೇ ಕೈಯಿಂದ ಹಾಕುತ್ತಾರೆ. ಅವರನ್ನು ದೂರಲು ನಾನು ಇಲ್ಲಿ ನಿಂತಿಲ್ಲ. ಅವರಿಗೂ ನಾನು ಹೇಳುವ ಲೆಕ್ಕ ಒಂದಿದೆ. ವಿದ್ಯಾರ್ಥಿಗಳು ಬಿಟ್ಟುಹೋದರೆ ಮನೆ ಒಂದು ತಿಂಗಳಾದರೂ ಖಾಲಿ ಬೀಳುತ್ತದೆ, ನಿಜವಾಗಿಯೂ ಬಣ್ಣ ಹಚ್ಚಿಸಬೇಕಾಗುತ್ತದೆ, ಹೊಸಬರು ಎಂಥವರೋ ಎಂಬ ಆತಂಕ ಬೇರೆ. ಬಾಡಿಗೆದಾರರು ಉಳಿದಾಗ ಇದೆಲ್ಲ ಉಳಿತಾಯವಾಗುತ್ತದೆ. ಲಾಭ ಇಬ್ಬರಿಗೂ ಇರುವ ವ್ಯವಹಾರದಲ್ಲಿ ಒಬ್ಬರೇ ಏಕೆ ಶುಲ್ಕ ತೆರಬೇಕು?

ವಿದ್ಯಾರ್ಥಿಗಳು ತೆರುತ್ತಿದ್ದಾರೆ, ಏಕೆಂದರೆ ಹೊತ್ತು ಅವರ ಕಡೆ ಇರುವುದಿಲ್ಲ. ಆಗಸ್ಟ್ ಒಂದಕ್ಕೆ ಮನೆ ಸೇರಿದವರ ಹನ್ನೊಂದು ತಿಂಗಳು ಜೂನ್ ಕೊನೆಗೆ ಮುಗಿಯುತ್ತದೆ, ಅಂದರೆ ಪರೀಕ್ಷೆಯ ನಡುವೆಯೋ ಅದರ ಹಿಂದೆ ಮುಂದೆಯೋ. ಪುಸ್ತಕ ಬಿಟ್ಟು ಮನೆ ಹುಡುಕುವ ಸ್ಥಿತಿಯಲ್ಲಿ ಯಾವ ವಿದ್ಯಾರ್ಥಿಯೂ ಇರುವುದಿಲ್ಲ. ತಂದೆ ತಾಯಿ ಊರಿನಲ್ಲಿದ್ದಾರೆ. "ಹೋಗಲಿ ಬಿಡು ಮಗಳೆ, ಕೊಟ್ಟುಬಿಡು, ಓದಿನ ಕಡೆ ಗಮನ ಕೊಡು" ಎಂದು ಸಾಲ ಮಾಡಿ ಹಣ ಕಳಿಸುತ್ತಾರೆ. ಕೆಲಸದಲ್ಲಿರುವವರಿಗೆ ಒಂದೂವರೆ ಸಾವಿರ, ಎರಡು ಸಾವಿರಕ್ಕೆ ಮುಗಿಯುವ ನವೀಕರಣ ವಿದ್ಯಾರ್ಥಿಗಳಿಗೆ ಹತ್ತಾರು ಸಾವಿರವಾಗುವುದು ಇದರಿಂದಲೇ. ಇದು ನನಗೆ ನೋವಿನ ಸಂಗತಿ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಬಗೆಹರಿಸಿದರು ಎಂದು ಸ್ವಲ್ಪ ನೋಡೋಣ. ನಮ್ಮ ಮಕ್ಕಳೂ ಓದಲು ಮ್ಯಾಂಚೆಸ್ಟರ್, ಲೀಡ್ಸ್‌ಗೆ ಹೋಗುತ್ತಿರುವುದರಿಂದ ಇದು ದೂರದ ಮಾತಲ್ಲ. ಇಂಗ್ಲೆಂಡಿನಲ್ಲಿ ಏಜೆಂಟರು ವಿಚಾರಣೆಗೆ, ಸಾಮಾನು ಪಟ್ಟಿಗೆ, ನವೀಕರಣಕ್ಕೆ, ಮನೆ ಬಿಡುವುದಕ್ಕೆ ಎಂದು ಬಾಡಿಗೆದಾರರಿಂದ ಬೇರೆಬೇರೆ ಶುಲ್ಕ ಪಡೆಯುತ್ತಿದ್ದರು. 2019ರ ಟೆನೆಂಟ್ ಫೀಸ್ ಆಕ್ಟ್ ಆ ವರ್ಷದ ಜೂನ್ 1ರಿಂದ ಹೊಸ ಕರಾರುಗಳಿಗೆ, ಒಂದು ವರ್ಷದ ನಂತರ ಹಳೆಯವುಗಳಿಗೂ ಅನ್ವಯಿಸಿತು. ಆ ಕಾಯ್ದೆಯ ರಚನೆ ಗಮನಿಸಬೇಕಾದದ್ದು. ನಿಷೇಧಿಸಿದ ಶುಲ್ಕಗಳ ಪಟ್ಟಿಯನ್ನು ಅದು ಕೊಡುವುದಿಲ್ಲ. ಬಾಡಿಗೆ, ಮಿತಿಯೊಳಗಿನ ಠೇವಣಿ, ಕಳೆದ ಬೀಗದ ಕೈಯಂತಹ ಕೆಲವನ್ನು ಅನುಮತಿಸಿ, ಉಳಿದ ಎಲ್ಲವನ್ನೂ ನಿಷೇಧಿಸುತ್ತದೆ. ನವೀಕರಣದ ಶುಲ್ಕ ಅನುಮತಿಯ ಪಟ್ಟಿಯಲ್ಲಿಲ್ಲ, ಹಾಗಾಗಿ ಹೊಸ ಹೆಸರಿಟ್ಟು ಕೇಳಿದರೂ ಅದು ನಿಷಿದ್ಧವೇ. ವಿದ್ಯಾರ್ಥಿಗಳ ವಸತಿಯನ್ನೂ ಕಾಯ್ದೆ ಒಳಗೊಂಡಿದೆ. ಮೊದಲ ತಪ್ಪಿಗೆ 5,000 ಪೌಂಡ್‌ವರೆಗೆ ದಂಡವಿದೆ. ವೇಲ್ಸ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಇಂಥದೇ ಕಾಯ್ದೆಯನ್ನು ಜಾರಿಗೆ ತಂದಿತು. ಇಂಗ್ಲೆಂಡಿನ 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಇನ್ನೂ ಮುಂದೆ ಹೋಗಿ, ಖಾಸಗಿ ಬಾಡಿಗೆ ಮನೆಗಳಲ್ಲಿ ನಿಗದಿತ ಅವಧಿಯ ಕರಾರನ್ನೇ 2026ರ ಮೇ 1ರಿಂದ ಕೈಬಿಟ್ಟು, ತಿಂಗಳಿಂದ ತಿಂಗಳಿಗೆ ಸಾಗುವ ಕರಾರನ್ನು ಇಟ್ಟಿದೆ. ಅವಧಿಯೇ ಇಲ್ಲದಲ್ಲಿ ನವೀಕರಣವೆಲ್ಲಿಂದ ಬರಬೇಕು? ನಮ್ಮ 116ನೇ ಕಲಮು ಅದೇ ದಿಕ್ಕಿನದು ಎಂದು ನನಗೆ ಅನ್ನಿಸುತ್ತದೆ, ಆದರೆ ಅದರ ಬೆನ್ನಿಗೆ ಶುಲ್ಕ ನಿಷೇಧ ಇಲ್ಲ.

ಪೀಜಿಗಳಲ್ಲಿ ಇದೇ ಹಣಕ್ಕೆ ಮರುಪ್ರವೇಶ ಶುಲ್ಕ, ಮೇಂಟೆನೆನ್ಸ್ ಎಂಬ ಹೆಸರುಗಳಿವೆ. ಅಲ್ಲಿ ಅನೇಕ ಬಾರಿ ಕಾಗದವೇ ಇರುವುದಿಲ್ಲ, ಒಂದು ರಸೀದಿ ಪುಸ್ತಕವಿರುತ್ತದೆ ಅಷ್ಟೆ. ರಸೀದಿಯಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಎಚ್ಚರವಾಗಿರಿ: ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನ ನಿರಂತರವಾದ ವಸತಿಗೆ 2024ರ ಜುಲೈ 15ರಿಂದ ಜಿಎಸ್‌ಟಿ ವಿನಾಯಿತಿ ಇದೆ. ವರ್ಷಪೂರ್ತಿ ಇರುವ ವಿದ್ಯಾರ್ಥಿಗಳಲ್ಲಿ ಬಹುತೇಕರು ಇದರೊಳಗೆ ಬರುತ್ತಾರೆ.

ಇನ್ನು ಮೊದಲ ಕಾಗದದ ಮಾತು. ಚೌಕಾಸಿಯ ಶಕ್ತಿ ನಿಮಗೆ ಇರುವುದು ಮನೆ ಸೇರುವ ಮೊದಲ ದಿನ, ಅಡ್ವಾನ್ಸ್ ಇನ್ನೂ ನಿಮ್ಮ ಕೈಯಲ್ಲಿರುವಾಗ. ಅಂದು ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿರುವ ಸಿದ್ಧ ಪ್ರತಿಗೆ ಹೆಸರು ತುಂಬಿಸಿ ಸಹಿ ಹಾಕಬೇಡಿ. ಇಂಥ ಒಂದು ಷರತ್ತು ಸೇರಿಸಲು ಕೇಳಿ: "ಉಭಯ ಪಕ್ಷದವರು ಒಪ್ಪಿ ಈ ಕರಾರನ್ನು ಮುಂದುವರಿಸಿದಲ್ಲಿ, ಸ್ಟಾಂಪ್ ಶುಲ್ಕ ಹಾಗೂ ಬರವಣಿಗೆಯ ವಾಸ್ತವ ವೆಚ್ಚವನ್ನು ಸಮಪಾಲಾಗಿ ಭರಿಸತಕ್ಕದ್ದು, ಅದರ ಹೊರತು ನವೀಕರಣದ ಬಾಬ್ತು ಯಾವುದೇ ಶುಲ್ಕ ಅಥವಾ ಕಮಿಷನ್ ಬಾಡಿಗೆದಾರರಿಂದ ಸಲ್ಲತಕ್ಕದ್ದಲ್ಲ. ಸುಣ್ಣಬಣ್ಣದ ವೆಚ್ಚವನ್ನು ಮನೆ ಖಾಲಿ ಮಾಡುವಾಗ, ಸಹಜ ಸವೆತವನ್ನು ಮೀರಿದ ಹಾನಿಗೆ ಮಾತ್ರ, ಬಿಲ್ ತೋರಿಸಿ ಕಡಿತಗೊಳಿಸತಕ್ಕದ್ದು." ಹತ್ತರಲ್ಲಿ ಆರು ಮಾಲೀಕರು ಒಪ್ಪಲಿಕ್ಕಿಲ್ಲ, ಆದರೂ ಕೇಳಿ. ಅಂದೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೋ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿಬಿಡಿ, ತಾರೀಖು ತಾನಾಗಿ ದಾಖಲಾಗುತ್ತದೆ.

ಹಣ ಕೊಟ್ಟೇ ಆಗಿದ್ದರೆ? ಬ್ರೋಕರ್ ಅಥವಾ ಪೀಜಿ ನಡೆಸುವವರು ಹಣ ಪಡೆದು ಸೇವೆ ಕೊಡುವವರಾದ್ದರಿಂದ ಅವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವ ದಾರಿ ಇದೆ. 5 ಲಕ್ಷ ರೂಪಾಯಿವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ವಿಚಾರಿಸಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಆ ಮೂವರಿಗೆ ಇಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಭಾನುವಾರ ಬೆಳಿಗ್ಗೆ ಮಾಲೀಕರ ಮನೆಗೇ ಹೋಗಿ ಚೀಟಿಯನ್ನು ಮುಂದಿಟ್ಟು ಮಾತನಾಡಿದರು. ಪೇಂಟಿಂಗ್ ಹಣ ಪೂರ್ತಿ ಬಿಟ್ಟುಹೋಯಿತು, ಕಾಗದದ ಖರ್ಚು ಅರ್ಧಕ್ಕಿಳಿಯಿತು. ಬ್ರೋಕರ್ ಮಾತ್ರ ಪಟ್ಟು ಬಿಡದೆ 3,000 ರೂಪಾಯಿ ಪಡೆದರು. ಅದನ್ನು ಕೊಡಬೇಕಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ, ಆದರೆ ಸೋಮವಾರ ಅವರಿಗೆ ಗಣಿತದ ಪರೀಕ್ಷೆ ಇತ್ತು.

ಕೊನೆಯಲ್ಲಿ, ಇಲ್ಲಿ ಹಿಂದೆ ಕುಳಿತಿದ್ದ ಒಬ್ಬ ತಾಯಿ ಮಾತು ಆರಂಭವಾಗುವ ಮೊದಲೇ ಕೇಳಿದ ಪ್ರಶ್ನೆಗೆ ಉತ್ತರಿಸಬೇಕು: ಅಗ್ರಿಮೆಂಟ್ ಮಗನ ಹೆಸರಿನಲ್ಲಿರಬೇಕೇ, ನಮ್ಮ ಹೆಸರಿನಲ್ಲಿರಬೇಕೇ? ಮೊದಲ ವರ್ಷದ ಡಿಗ್ರಿಗೆ ಸೇರುವ ಎಷ್ಟೋ ಮಕ್ಕಳಿಗೆ 18 ತುಂಬಿರುವುದಿಲ್ಲ. ಅಪ್ರಾಪ್ತರು ಮಾಡಿಕೊಂಡ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರ ಮೊಹೋರಿ ಬೀಬಿ ಪ್ರಕರಣದಲ್ಲಿಯೇ ಬ್ರಿಟಿಷರ ಕಾಲದ ಅತ್ಯುಚ್ಚ ಮೇಲ್ಮನವಿ ಪೀಠವಾಗಿದ್ದ ಪ್ರಿವಿ ಕೌನ್ಸಿಲ್ ಹೇಳಿತು. ಆದ್ದರಿಂದ ಮೊದಲ ವರ್ಷ ನಿಮ್ಮ ಹೆಸರಿನಲ್ಲಿ ಮಾಡಿಸಿ, ವಾಸಿಸುವವರು ಎಂದು ಮಗನ ಹೆಸರನ್ನು ಒಳಗೆ ಬರೆಸಿ, ಅಡ್ವಾನ್ಸನ್ನು ನಿಮ್ಮ ಖಾತೆಯಿಂದಲೇ ಮಾಲೀಕರ ಖಾತೆಗೆ ಕಳಿಸಿ. ಮರುವರ್ಷ ಅವನ ಹೆಸರಿಗೆ ಬದಲಿಸುವುದಾದರೆ ಅದು ಹೊಸ ಕಾಗದವಾಗುತ್ತದೆ, ಆಗ ಅಡ್ವಾನ್ಸ್ ಯಾರಿಗೆ ಹಿಂದಿರುಗಬೇಕು ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಸಿಕೊಳ್ಳಿ.